ಮದ್ದಿನ ಬಾಳಿಕೆ, ಮದ್ದಿನ ಮನೆ

ಬಂದೂಕಿನ ಮದ್ದು ತಯಾರಾದ ದಿನದಿಂದಲೇ ಹಳತಾಗತೊಡಗುತ್ತದೆಯಾದರೂ ಅದು ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ಕಳೆದ ವರ್ಷಗಳಿಗಿಂತ ಅದನ್ನಿಟ್ಟ ಜಾಗವೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಬೆರೆಸಿ ಮಾಡುತ್ತಿದ್ದ ಕರಿಮದ್ದು, ಅಂದರೆ ಬೀದರ್ ಸೀಮೆಯ ಮಾತಿನಲ್ಲಿ ಬಾರೂದು, ಒಣಗಿರುವಷ್ಟು ಕಾಲ ತಲೆಮಾರುಗಳವರೆಗೂ ಉಳಿಯಬಲ್ಲದು. ತೇವ ತಗುಲಿತೆಂದರೆ ಮಾತ್ರ ಪೆಟ್ಲುಪ್ಪು ಕರಗಿ, ಬೇರೆಯಾಗಿ ಹರಳುಗಟ್ಟಿ, ಮೂರರ ಬೆರಕೆಯೇ ಬಿಟ್ಟುಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ಇಟ್ಟಿಗೆ ಗಾರೆಯ ದಪ್ಪ ಗೋಡೆಗಳಿಂದ, ಅರ್ಧ ನೆಲದೊಳಗೆ ಹುದುಗಿಸಿ ಕಟ್ಟಿದ್ದಕ್ಕೆ ಎರಡು ಪ್ರಯೋಜನಗಳಿದ್ದವು: ಒಳಗಿನ ಸೆಕೆ ಏರುಪೇರಾಗದಿರುವುದು ಒಂದು, ಅಕಸ್ಮಾತ್ ಸಿಡಿದರೂ ಸುತ್ತಲಿನವರಿಗೆ ಅಪಾಯ ತಗ್ಗುವುದು ಇನ್ನೊಂದು.

ಈ ಎರಡನೆಯ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೀದರಿಗಿಂತ ದೊಡ್ಡ ಸಾಕ್ಷಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1657ರಲ್ಲಿ ಔರಂಗಜೇಬನ ಸೈನ್ಯ ಬೀದರ್ ಕೋಟೆಯನ್ನು ಮುತ್ತಿದಾಗ, ಬುರುಜಿನ ಬಳಿ ಕೂಡಿಟ್ಟಿದ್ದ ಮದ್ದಿಗೆ ಅಗ್ನಿಬಾಣದ ಕಿಡಿ ಬಿದ್ದು, ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನ್ ಮಾರಣಾಂತಿಕವಾಗಿ ಗಾಯಗೊಂಡನು, ಕೋಟೆ ಕೈಬಿಟ್ಟಿತು. ಗೆದ್ದವರಾದರೂ ಪಾಠ ಕಲಿಯಲಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ ಮೊಗಲರ ಕೈಯಲ್ಲಿ ಸೈನಿಕರ ಬಿಡಾರವೂ ಬಾರೂದಿನ ಉಗ್ರಾಣವೂ ಆಗಿ, 1695–96ರ ಸುಮಾರಿಗೆ ಆ ಮದ್ದು ಸಿಡಿದು, ಮುಂಬಾಗಿಲೂ ಮುಂಭಾಗದ ದಕ್ಷಿಣದ ಮಿನಾರೂ ನೆಲಸಮವಾದವು. ಸಿಡಿಲು ಬಡಿದದ್ದೇ ಕಾರಣವೆಂಬ ಹೇಳಿಕೆಯೂ ಇದೆ. ಕಾರಣ ಯಾವುದೇ ಇರಲಿ, ಎತ್ತರದ ಮಿನಾರುಗಳಿದ್ದ ವಿದ್ಯಾಶಾಲೆಯೊಳಗೆ ಮದ್ದು ತುಂಬಿದ್ದೇ ಮೂಲ ತಪ್ಪು. ಉತ್ತರದ ಮಿನಾರಿನ ಮೈಮೇಲೆ ಅಂಕುಡೊಂಕು ಪಟ್ಟೆಗಳಾಗಿ ಕೂರಿಸಿದ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ, ಅದರ ಜೋಡಿ ನಿಂತಿದ್ದ ಜಾಗ ಬಯಲಾಗಿದೆ.

ಇಂದಿನ ತೋಟಾಗಳೊಳಗೆ ಇರುವುದು ಹೊಗೆರಹಿತ ಮದ್ದು. ಹತ್ತಿಯ ನಾರಿನಂಥ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪಡೆಯುವ ನೈಟ್ರೊಸೆಲ್ಯುಲೋಸ್ ಇದರ ಮುಖ್ಯ ಅಂಶ. ತೇವಕ್ಕಿಂತಲೂ ಶಾಖವೇ ಇದರ ಹಗೆ, ಏಕೆಂದರೆ ಈ ವಸ್ತು ತಾನಾಗಿಯೇ ನಿಧಾನವಾಗಿ ಒಡೆಯುತ್ತ ಸಾರಜನಕದ ಆಕ್ಸೈಡುಗಳನ್ನು ಹೊರಬಿಡುತ್ತದೆ, ಆ ಅನಿಲಗಳೇ ಮತ್ತೆ ಒಡೆತವನ್ನು ಚುರುಕುಗೊಳಿಸುತ್ತವೆ. ಅವನ್ನು ಹೀರಿಕೊಳ್ಳಲೆಂದು ಡೈಫಿನೈಲಮೈನ್‌ನಂಥ ಸ್ಥಿರಕಾರಿಯನ್ನು ಬೆರೆಸಿರುತ್ತಾರೆ. ಅದು ಮುಗಿದ ದಿನ ಮದ್ದಿನ ಆಯುಷ್ಯವೂ ಮುಗಿದಂತೆ. ಫ್ರಾನ್ಸಿನ ತೂಲೋನ್ ಬಂದರಿನಲ್ಲಿ 1907ರಲ್ಲಿ ಇಯೆನಾ, 1911ರಲ್ಲಿ ಲಿಬರ್ಟೆ ಎಂಬ ಯುದ್ಧನೌಕೆಗಳು ಸ್ಫೋಟಗೊಂಡದ್ದು ಹೀಗೆ ಕೆಟ್ಟ ಮದ್ದಿನಿಂದಲೇ ಎಂದು ತಜ್ಞರು ಹೇಳುತ್ತಾರೆ.

ತಂಪಾದ, ಒಣ ಜಾಗದಲ್ಲಿಟ್ಟ ಒಳ್ಳೆಯ ತೋಟಾ ಹಲವು ದಶಕ ಬಾಳುತ್ತದೆ. ಬೇಸಿಗೆಯಲ್ಲಿ ಸೆಕೆ 40 ಡಿಗ್ರಿ ದಾಟುವ ಚಿದ್ರಿ, ಭಾಲ್ಕಿ, ಔರಾದದಂಥ ಕಡೆ ತಗಡಿನ ಚಾವಣಿಯ ಕೋಣೆಯಾಗಲಿ, ಬಿಸಿಲಲ್ಲಿ ನಿಂತ ಜೀಪಾಗಲಿ ಅದಕ್ಕೆ ತಕ್ಕ ಜಾಗವಲ್ಲ. ಗಟ್ಟಿ ಗೋಡೆಯ ಮನೆಯ ಒಳಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ, ಬಂದೂಕಿನಿಂದ ಬೇರೆಯಾಗಿ, ಬೀಗದೊಳಗೆ ಇಡುವುದು ಸರಿಯಾದ ಕ್ರಮ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಏರಿದ್ದು, ಕವಚ ಬಿರಿದದ್ದು, ಕಾಗದದ ಕೊಳವೆ ತೇವದಿಂದ ಉಬ್ಬಿದ್ದು ಕಂಡರೆ ಅಂಥ ತೋಟಾವನ್ನು ಬಳಸಲೇಬಾರದು. ಹಳೆಯ ತೋಟಾದಲ್ಲಿ ಕುದುರೆ ಎಳೆದ ಕೂಡಲೇ ಗುಂಡು ಹಾರದೆ, ಕಿಡಿಮದ್ದು ಮಂಕಾಗಿ, ತಡವಾಗಿ ಸಿಡಿಯುವುದೂ ಉಂಟಾದ್ದರಿಂದ, ನಳಿಗೆಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯದೆ ಬಂದೂಕನ್ನು ಬಿಚ್ಚಬಾರದು.

ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ತೋಟಾಗಳು ಸಿಕ್ಕರೆ ಅವನ್ನು ಬೆಂಕಿಗೋ ಬಾವಿಗೋ ಎಸೆಯದೆ, ಒಡೆದು ನೋಡದೆ, ಇದ್ದ ಜಾಗದಲ್ಲೇ ಬಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು.