ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಪದೇ ಪದೇ ಸುಡುತ್ತಿದೆಯೇ? ಕಾರಣ ಬೇರೆಲ್ಲೋ ಇರಬಹುದು

"ಈಗಿನ ಟ್ರಾನ್ಸ್‌ಫಾರ್ಮರ್ ಬಾಳಿಕೆ ಬರೋದಿಲ್ಲ. ಹಳೇದು ಇಪ್ಪತ್ತು ವರ್ಷ ಓಡಿತ್ತು, ಹೊಸದು ಆರೇ ತಿಂಗಳು." ಹಳೆಯ ನಿಯಾನ್ ಬೋರ್ಡ್ ಇಟ್ಟುಕೊಂಡವರು ಹೀಗೆ ಹೇಳುವುದುಂಟು. ನಿಜವೇ? ಒಂದು ಸುಟ್ಟರೆ ಅದರದ್ದೇ ದೋಷ ಇರಬಹುದು. ಅದೇ ಬೋರ್ಡಿನಲ್ಲಿ ಎರಡನೆಯದು, ಮೂರನೆಯದೂ ಹೋದರೆ ನಾವು ಬೋರ್ಡನ್ನೇ ಅನುಮಾನಿಸಬೇಕು. (ಈಗ ಆನ್‌ಲೈನ್‌ನಲ್ಲಿ 'ನಿಯಾನ್' ಎಂದು ಮಾರುವುದು ಬಹುತೇಕ ಎಲ್‌ಇಡಿ ಪಟ್ಟಿ. ನಾವಿಲ್ಲಿ ಹೇಳುತ್ತಿರುವುದು ಗಾಜಿನ ಕೊಳವೆಯ ಬೋರ್ಡಿನ ಬಗ್ಗೆ.)

1910ರಲ್ಲಿ ಜಾರ್ಜ್ ಕ್ಲೋಡ್ ಪ್ಯಾರಿಸ್‌ನಲ್ಲಿ ನಿಯಾನ್ ದೀಪ ತೋರಿಸಿದಾಗಿನಿಂದ ಅದರ ಮೂಲತತ್ವ ಬದಲಾಗಿಲ್ಲ. ಕೊಳವೆಯೊಳಗಿನ ಅನಿಲ ಬೆಳಗಬೇಕಾದರೆ ಸಾವಿರಾರು ವೋಲ್ಟ್ ಬೇಕು. ನಮ್ಮ ಮನೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಅಷ್ಟಕ್ಕೆ ಏರಿಸುತ್ತದೆ. ಕೆಲವು 15,000 ವೋಲ್ಟ್‌ವರೆಗೂ ಹೋಗುತ್ತವೆ. ಬೆಳಗಿದ ಮೇಲೆ ಅನಿಲ ಕೊಟ್ಟಷ್ಟೂ ಕರೆಂಟ್ ಎಳೆಯುತ್ತದೆ. ಅದನ್ನು 30 ಅಥವಾ 60 ಮಿಲಿಆಂಪ್‌ನಂಥ ಮಿತಿಯಲ್ಲಿ ಹಿಡಿದಿಡುವುದೂ ಟ್ರಾನ್ಸ್‌ಫಾರ್ಮರಿನದ್ದೇ ಕೆಲಸ.

ಹಾಗಾಗಿ ಔಟ್‌ಪುಟ್ ಶಾರ್ಟ್ ಆದರೂ ಹಳೆಯ ಸುರುಳಿಯ ಟ್ರಾನ್ಸ್‌ಫಾರ್ಮರ್ ತಕ್ಷಣ ಸುಡುವುದಿಲ್ಲ. ಅದಕ್ಕೆ ಹೆಚ್ಚು ಪೆಟ್ಟು ಬೀಳುವುದು ಕೊಳವೆ ಒಡೆದಾಗ ಅಥವಾ ವೈರ್ ಕಳಚಿದಾಗ. ಕರೆಂಟ್ ಹರಿಯಲು ದಾರಿಯಿಲ್ಲದೆ ಪೂರ್ತಿ ವೋಲ್ಟೇಜ್ ಒಳಗಿನ ಸುರುಳಿಯ ಇನ್ಸುಲೇಷನ್ ಮೇಲೆಯೇ ಬೀಳುತ್ತದೆ. ಒಂದು ಅಕ್ಷರ ಒಡೆದಿದೆ, ಆಮೇಲೆ ನೋಡೋಣ ಎಂದು ವಾರಗಟ್ಟಲೆ ಸ್ವಿಚ್ ಹಾಕಿಟ್ಟರೆ ಹೊಸ ಟ್ರಾನ್ಸ್‌ಫಾರ್ಮರ್ ಕೂಡ ಹಾಳಾಗಬಹುದು.

ಇನ್ನೊಂದು ಕಾರಣ ಸೋರಿಕೆ. ಹಳೆಯ ಹೈ ವೋಲ್ಟೇಜ್ ಕೇಬಲ್ ಬಿರುಕು ಬಿಟ್ಟಿರುತ್ತದೆ. ಕೊಳವೆ ಹಿಡಿದಿರುವ ಗಾಜಿನ ಆಧಾರಗಳ ಮೇಲೆ ಧೂಳು, ಪಾರಿವಾಳದ ಹಿಕ್ಕೆ ಕೂತು, ಮಳೆಗೆ ಒದ್ದೆಯಾಗಿ ಕರೆಂಟಿಗೆ ದಾರಿಯಾಗುತ್ತವೆ. ಕೇಬಲ್ ಸುತ್ತ ಉಂಟಾಗುವ ಓಝೋನ್ ಅನಿಲ ರಬ್ಬರನ್ನು ಇನ್ನಷ್ಟು ತಿನ್ನುತ್ತದೆ. ರಾತ್ರಿ ದೂರ ನಿಂತು ಗಮನಿಸಿ: ಲೋಹದ ಹತ್ತಿರ ನೀಲಿ ಕಿಡಿ, ಚರಚರ ಸದ್ದು, ಖಾರವಾದ ವಾಸನೆ ಇದ್ದರೆ, ಅಥವಾ ಮಳೆಯಲ್ಲಿ ಮಾತ್ರ ಬೋರ್ಡ್ ಕೈಕೊಡುತ್ತಿದ್ದರೆ, ಸೋರಿಕೆ ಎಂದೇ ಅನುಮಾನಿಸಿ.

ಇನ್ನು 'ಹೊಸದು' ಸುಟ್ಟೇ ಇಲ್ಲದಿರುವ ಸಾಧ್ಯತೆಯೂ ಇದೆ. ಇತ್ತೀಚಿನ ಅನೇಕ ಟ್ರಾನ್ಸ್‌ಫಾರ್ಮರ್‌ಗಳು ಅರ್ಥ್‌ಗೆ ಕರೆಂಟ್ ಸೋರಿದ ಕೂಡಲೇ ತಾವೇ ಟ್ರಿಪ್ ಆಗುತ್ತವೆ. ಹಳೆಯವಕ್ಕೆ ಈ ರಕ್ಷಣೆ ಇರಲಿಲ್ಲ, ಸೋರುತ್ತಲೇ ಉರಿಯುತ್ತಿದ್ದವು. ಮೇನ್ ಆಫ್ ಮಾಡಿ ಮತ್ತೆ ಹಾಕಿದಾಗ ಬೋರ್ಡ್ ಸ್ವಲ್ಪ ಹೊತ್ತು ಉರಿದರೆ ಅದು ಟ್ರಿಪ್ ಆಗಿದ್ದಿರಬೇಕು. ಇಲ್ಲಿ "ಅರ್ಥ್ ವೈರ್ ತೆಗೆದುಬಿಡಿ, ಸರಿಹೋಗುತ್ತೆ" ಎಂಬ ಸಲಹೆ ಸಿಕ್ಕರೆ ದಯವಿಟ್ಟು ಕೇಳಬೇಡಿ. ಕಿಡಿ ಒಳಗೊಳಗೇ ಮುಂದುವರಿದು ಮರದ ಚೌಕಟ್ಟಿಗೋ ಪ್ಲಾಸ್ಟಿಕ್ಕಿಗೋ ಬೆಂಕಿ ಹೊತ್ತಿಕೊಳ್ಳುವುದು ಹೀಗೆಯೇ. ಲೋಹದ ಬೋರ್ಡ್ ಮುಟ್ಟಿದವರಿಗೆ ಶಾಕ್ ಹೊಡೆಯುವ ಅಪಾಯವೂ ಇದೆ. "ಹೆಚ್ಚು ವೋಲ್ಟಿನದು ಹಾಕಿ" ಎಂಬುದೂ ಅಷ್ಟೇ ತಪ್ಪು: ಬಿರುಕು ಬಿಟ್ಟ ಇನ್ಸುಲೇಷನ್ ಮೇಲೆ ಹೊರೆ ಇನ್ನೂ ಹೆಚ್ಚುತ್ತದೆ.

ಸಾಮಾನ್ಯ ಟೆಸ್ಟರ್, ಮಲ್ಟಿಮೀಟರ್‌ಗಳನ್ನು ಕೊಳವೆಯ ಕಡೆಯ ವೈರಿಗೆ ಹಚ್ಚಲೇಬಾರದು. ಅವು ಆ ವೋಲ್ಟೇಜ್ ತಡೆಯುವುದಿಲ್ಲ. ನಿಯಾನ್ ಕೆಲಸ ಬಲ್ಲವರನ್ನು ಕರೆಸಿ ಮೇನ್ ಆಫ್ ಮಾಡಿಸಿ, ಒಡೆದ ಕೊಳವೆ, ಹಳೆಯ ಕೇಬಲ್, ಸೀಳಿದ ಆಧಾರಗಳನ್ನು ಮೊದಲು ಬದಲಿಸಿ. ಕೊಳವೆಗಳ ಒಟ್ಟು ಉದ್ದ ಅಳೆಸಿ, ಅದಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರನ್ನು ಕೊನೆಗೆ ತನ್ನಿ.