ಮೀನಿನ ಮಾಂಸದಲ್ಲಿ ಕಪ್ಪು ಚುಕ್ಕೆ ಏಕೆ? ತಿನ್ನಬಹುದೇ, ಎಸೆಯಬೇಕೇ?

ಚಿತ್ರದುರ್ಗ ಜಿಲ್ಲೆ ಕರಾವಳಿಯಿಂದ ದೂರ. ಇಲ್ಲಿ ಮೀನೆಂದರೆ ಹೆಚ್ಚಾಗಿ ಸಿಹಿನೀರಿನ ಮೀನು. ಹಿರಿಯೂರಿನ ವಾಣಿವಿಲಾಸ ಸಾಗರದಿಂದ, ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆರೆಗಳಿಂದ ಬರುವ ಕಾಟ್ಲಾ, ರೋಹು, ಮೃಗಾಲ್, ಗೆಂಡೆ, ಜಿಲೇಬಿ. ಇಂಥ ಮೀನನ್ನು ಕೊಯ್ಯುವಾಗ ಒಮ್ಮೊಮ್ಮೆ ಚರ್ಮದ ಮೇಲೋ ಮಾಂಸದ ಒಳಗೋ ಕಪ್ಪು ಚುಕ್ಕೆಗಳು ಕಾಣುತ್ತವೆ. ಕೂಡಲೇ ಅನುಮಾನ ಶುರುವಾಗುತ್ತದೆ. ಕೊಳಚೆ ನೀರಿನ ಮೀನಿರಬೇಕು, ಔಷಧಿ ಹೊಡೆದು ಬೆಳೆಸಿರಬೇಕು, ಫಾರ್ಮಲಿನ್ ಹಾಕಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿನ್ನಲು ಯೋಗ್ಯವಾದ ಮೀನು ತಿಪ್ಪೆ ಸೇರುತ್ತದೆ. ಕೆರೆಯನ್ನು ಗುತ್ತಿಗೆ ಹಿಡಿದು ವರ್ಷವಿಡೀ ಮರಿ ಸಾಕಿದವರ ಮೀನಿಗೆ ಕೆಟ್ಟ ಹೆಸರು ಬರುತ್ತದೆ.

ಹಾಗಾದರೆ ಈ ಕಪ್ಪು ಚುಕ್ಕೆ ಏನು? ಬಹುತೇಕ ಸಂದರ್ಭಗಳಲ್ಲಿ ಅದು ಮೀನಿನ ದೇಹವೇ ಮಾಡಿಕೊಂಡ ಗಾಯದ ಕಲೆ.

ಬಣ್ಣ ಬರುವುದು ಎಲ್ಲಿಂದ?

ನಮ್ಮ ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ವಸ್ತುವಿನ ಹೆಸರು ಮೆಲನಿನ್. ಕರಾವಳಿಯವರು ತಿನ್ನುವ ಬೊಂಡಾಸಿನ ಕಪ್ಪು ಶಾಯಿಯಲ್ಲಿ ಇರುವುದೂ ಇದೇ. ಇದು ವಿಷವಲ್ಲ.

ನಮಗೆ ಗಾಯವಾದರೆ ರಕ್ಷಣಾ ಕೋಶಗಳು ಅಲ್ಲಿಗೆ ಧಾವಿಸಿ ಸತ್ತ ಕೋಶಗಳನ್ನು, ರೋಗಾಣುಗಳನ್ನು ನುಂಗಿ ಜಾಗ ಸ್ವಚ್ಛ ಮಾಡುತ್ತವೆ. ಮೀನಿನಲ್ಲೂ ಹಾಗೆಯೇ. ಆದರೆ ಮೀನಿನ ಇಂಥ ಕೋಶಗಳಲ್ಲಿ ಹಲವು ತಮ್ಮೊಳಗೆ ಮೆಲನಿನ್ ಹೊತ್ತಿರುತ್ತವೆ. ಗಾಯ ಬೇಗ ವಾಸಿಯಾಗದೆ ಉಳಿದರೆ ಅಥವಾ ಹೊರಗಿನ ಜೀವಿ ಮಾಂಸದಲ್ಲಿ ಸಿಕ್ಕಿಕೊಂಡರೆ ಈ ಕೋಶಗಳು ಅಲ್ಲೇ ಗುಂಪುಗೂಡುತ್ತವೆ. ಆ ಜಾಗ ಕಪ್ಪಗೆ ಕಾಣುತ್ತದೆ.

ಚುಕ್ಕೆ ಏನೆಂದು ಗೊತ್ತಾಯಿತು. ಅದಕ್ಕೆ ಕಾರಣ ಏನೆಂದು ತಿಳಿಯಲು ಅದು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ನೋಡಬೇಕು.

ಸಾಸಿವೆಯಂಥ ಸಣ್ಣ ಚುಕ್ಕೆಗಳು: ಹಕ್ಕಿ, ಬಸವನಹುಳು, ಮೀನು

ಚರ್ಮ, ರೆಕ್ಕೆ ಮತ್ತು ಚರ್ಮದ ಕೆಳಗಿನ ಮಾಂಸದಲ್ಲಿ ಸುಮಾರು 1 ಮಿಲಿಮೀಟರ್ ಗಾತ್ರದ ಕಪ್ಪು ಕಾಳುಗಳು ಚೆಲ್ಲಿದಂತಿದ್ದರೆ ಅದು ಹೆಚ್ಚಾಗಿ ಕಪ್ಪು ಚುಕ್ಕೆ ರೋಗ. ಇದಕ್ಕೆ ಕಾರಣ ಟ್ರೆಮಟೋಡ್ ಎಂಬ ಗುಂಪಿನ ಚಪ್ಪಟೆ ಹುಳುಗಳ ಮರಿ.

ಈ ಹುಳುವಿನ ಬದುಕು ಮೂರು ಮನೆಗಳಲ್ಲಿ ನಡೆಯುತ್ತದೆ. ಬೆಳೆದ ಹುಳು ಇರುವುದು ಮೀನು ತಿನ್ನುವ ಬಕ, ಮಿಂಚುಳ್ಳಿಯಂಥ ಹಕ್ಕಿಗಳ ಹೊಟ್ಟೆಯಲ್ಲಿ. ಅದರ ಮೊಟ್ಟೆ ಹಿಕ್ಕೆಯ ಮೂಲಕ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದ ಮರಿ ಬಸವನಹುಳುವಿನ ದೇಹ ಹೊಕ್ಕು ಅಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಹೊರಬಂದು ಈಜುತ್ತಾ ಮೀನಿನ ಚರ್ಮ ಕೊರೆದು ಒಳಸೇರಿ ತನ್ನ ಸುತ್ತ ಒಂದು ಕೋಶ ಕಟ್ಟಿಕೊಂಡು ಕಾಯುತ್ತದೆ. ಮೀನಿನ ದೇಹ ಆ ಕೋಶದ ಸುತ್ತ ಮೆಲನಿನ್ ತುಂಬುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಆ ಮೀನನ್ನು ಹಕ್ಕಿ ತಿಂದರೆ ಚಕ್ರ ಪೂರ್ತಿಯಾಗುತ್ತದೆ.

ಅಂದರೆ ಈ ರೋಗಕ್ಕೆ ನೀರು, ಹಕ್ಕಿ ಮತ್ತು ಬಸವನಹುಳು ಮೂರೂ ಬೇಕು. ಬಸವನಹುಳುಗಳು ಹೆಚ್ಚಾಗಿ ಇರುವುದು ಜೊಂಡು, ಪಾಚಿ ಬೆಳೆದ ಆಳವಿಲ್ಲದ ಅಂಚುಗಳಲ್ಲಿ. ಬರಗಾಲದಲ್ಲಿ ಕೆರೆ ಪೂರ್ತಿ ಒಣಗಿದಾಗ ಅವುಗಳ ಸಂಖ್ಯೆ ಕುಸಿಯುತ್ತದೆ. ನೀರು ವರ್ಷಗಟ್ಟಲೆ ನಿಂತರೆ ಮತ್ತೆ ಹೆಚ್ಚುತ್ತದೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರಲ್ಲಿ. ನೀರು ಬಂದರೆ ಮೀನುಗಾರಿಕೆಗೆ ಒಳ್ಳೆಯದೇ. ಆದರೆ ನೀರು ನಿಂತ ಕಡೆ ಬಸವನಹುಳುಗಳ ಮೇಲೂ ಒಂದು ಕಣ್ಣಿಡಬೇಕಾಗುತ್ತದೆ.

ದೊಡ್ಡ ಮೀನಿಗೆ ಕೆಲವು ಚುಕ್ಕೆಗಳಿಂದ ತೊಂದರೆ ಕಡಿಮೆ. ಅಪಾಯ ಹೆಚ್ಚಿರುವುದು ಮರಿಗಳಿಗೆ. ಪುಟ್ಟ ಮರಿಯ ದೇಹಕ್ಕೆ ಹತ್ತಾರು ಹುಳುಗಳು ಹೊಕ್ಕರೆ ಅದು ಸೊರಗುತ್ತದೆ, ಸಾಯಲೂಬಹುದು. ಆದ್ದರಿಂದ ಮರಿ ಸಾಕುವ ಕೊಳವನ್ನು ಬಿತ್ತನೆಗೆ ಮುಂಚೆ ಒಣಗಿಸಿ, ಸುಣ್ಣ ಹಾಕಿ, ಕಳೆ ತೆಗೆಯುವುದು ಮುಖ್ಯ. ಮೀನಿನ ಒಳಗೆ ಸೇರಿಕೊಂಡ ಹುಳುವಿಗೆ ಔಷಧಿ ಹುಡುಕುವುದಕ್ಕಿಂತ ಬಸವನಹುಳುವನ್ನು ತಡೆಯುವುದು ಸುಲಭ.

ಒಂದೇ ಕಡೆ ದೊಡ್ಡ ಕಲೆ: ಪೆಟ್ಟು ಮತ್ತು ಹಳೆಯ ಗಾಯ

ಸಾಸಿವೆಯಂತಲ್ಲದೆ ನಾಣ್ಯದಷ್ಟು ಅಗಲದ ಕಪ್ಪು ಅಥವಾ ಕಪ್ಪುಗೆಂಪು ಕಲೆ ಇದ್ದರೆ ಪೆಟ್ಟು ಕಾರಣವಿರಬಹುದು. ಬಲೆಯಲ್ಲಿ ಒದ್ದಾಡಿದಾಗ, ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಾಗ ಮಾಂಸದೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಹೊಸ ಪೆಟ್ಟು ಕೆಂಪಗೆ, ಹಳೆಯದು ಕಪ್ಪಗೆ.

ಇದೇ ವಿಷಯದ ಮೇಲೆ ಅತಿ ಹೆಚ್ಚು ಸಂಶೋಧನೆ ನಡೆದಿರುವುದು ನಾರ್ವೆಯ ಸಾಕಣೆ ಸಾಲ್ಮನ್ ಮೀನಿನ ಮೇಲೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದ ತುಂಡುಗಳಾಗಿ ಸಿಗುವುದು ಈ ಮೀನೇ. ಅಲ್ಲಿ ಸುಮಾರು ಐದರಲ್ಲಿ ಒಂದು ತುಂಡಿನಲ್ಲಿ ಕಪ್ಪು ಕಲೆ ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕಾಗುವುದರಿಂದ ಉದ್ಯಮಕ್ಕೆ ದೊಡ್ಡ ನಷ್ಟ. ಮೊದಲು ಲಸಿಕೆಯ ಮೇಲೆ ಅನುಮಾನವಿತ್ತು. ಆದರೆ ಲಸಿಕೆ ಹಾಕದ ಮೀನಿನಲ್ಲೂ ಕಲೆ ಕಂಡಿತು. ಆಮೇಲೆ ಪಿಆರ್‌ವಿ ಎಂಬ ವೈರಸ್‌ನ ಮೇಲೆ ಅನುಮಾನ ಬಂತು. ಕಲೆ ಇದ್ದ ಕಡೆ ಆ ವೈರಸ್ ಸಿಕ್ಕಿದ್ದು ನಿಜ, ಆದರೆ ವೈರಸ್ ಇಲ್ಲದ ಮೀನಿನಲ್ಲೂ ಕಲೆ ಬರುತ್ತದೆ. ಈಚಿನ ಅಧ್ಯಯನಗಳು ಪಕ್ಕೆಲುಬಿನ ವಿಕಾರ, ಮುರಿತ ಹಾಗೂ ಅದರ ಸುತ್ತಲಿನ ಕೊಬ್ಬಿನ ಕೋಶಗಳ ಸಾವಿನ ಕಡೆ ಬೆರಳು ತೋರಿಸುತ್ತಿವೆ. ಕಲೆಗಳು ಹೆಚ್ಚಾಗಿ ಪಕ್ಕೆಲುಬಿನ ಬಳಿಯೇ ಇರುವುದೂ ಇದಕ್ಕೆ ಹೊಂದುತ್ತದೆ. ಮೊದಲು ಕೆಂಪು ಕಲೆ, ವಾಸಿಯಾಗದೆ ಉಳಿದರೆ ಕಪ್ಪು ಕಲೆ. ಕಾಡಿನ ಸಾಲ್ಮನ್‌ನಲ್ಲಿ ಇದು ಅಪರೂಪ.

ನಮ್ಮ ಕೆರೆಮೀನಿಗೂ ಇದರಲ್ಲಿ ಒಂದು ಪಾಠವಿದೆ. ಕಲೆ ಕಂಡಾಗ ಮೊದಲು ಹೊಳೆಯುವ ಕಾರಣವೇ ಸರಿಯಾದ ಕಾರಣ ಆಗಿರಬೇಕೆಂದಿಲ್ಲ.

ಹೊಟ್ಟೆಯೊಳಗಿನ ಕಪ್ಪು ಪೊರೆ: ಇದು ರೋಗವೇ ಅಲ್ಲ

ಜಿಲೇಬಿ, ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳ ಹೊಟ್ಟೆ ಸೀಳಿದರೆ ಒಳಗೋಡೆಗೆ ಕಪ್ಪು ಪೊರೆ ಅಂಟಿರುತ್ತದೆ. ನೀರಿನ ಮಾಲಿನ್ಯ ಅಲ್ಲಿ ಶೇಖರವಾಗಿದೆ ಎಂಬ ಮಾತು ಬಹಳ ಕಡೆ ಹರಡಿದೆ. ಅದು ತಪ್ಪು. ಈ ಜಾತಿಗಳಲ್ಲಿ ಆ ಪೊರೆ ಹುಟ್ಟಿನಿಂದಲೇ ಬಣ್ಣದ್ದು, ಶುದ್ಧ ನೀರಿನಲ್ಲಿ ಬೆಳೆದರೂ ಕಪ್ಪೇ. ರುಚಿಗಾಗಿ ಉಜ್ಜಿ ತೆಗೆದರೆ ಸಾಕು. ಹಸಿರು ಹಳದಿ ಕಲೆಯಿದ್ದು ಕಹಿಯಾಗಿದ್ದರೆ ಅದು ಕೊಯ್ಯುವಾಗ ಒಡೆದ ಪಿತ್ತಕೋಶದ್ದು.

ಫ್ಲೋರೈಡ್, ಫಾರ್ಮಲಿನ್?

ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದರಿಂದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ. ಮೀನಿನ ಚುಕ್ಕೆಗೂ ಅದೇ ಕಾರಣವೇ ಎಂದು ಕೇಳುವವರಿದ್ದಾರೆ. ಮೀನಿನ ದೇಹದಲ್ಲಿ ಫ್ಲೋರೈಡ್ ಸೇರುವುದು ಮುಖ್ಯವಾಗಿ ಮೂಳೆಗೆ. ಮಾಂಸದ ಕಪ್ಪು ಚುಕ್ಕೆಗೆ ಅದು ಕಾರಣವಲ್ಲ.

ಮೀನಿಗೆ ಫಾರ್ಮಲಿನ್ ಹಾಕುವುದಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಹಾಕಿದ್ದರೂ ಅದು ಕಪ್ಪು ಚುಕ್ಕೆ ಮೂಡಿಸುವುದಿಲ್ಲ. ಚುಕ್ಕೆ ಇಲ್ಲದ ಮೀನಿನಲ್ಲೂ ಅದು ಇರಬಹುದು. ಆದ್ದರಿಂದ ಚುಕ್ಕೆ ನೋಡಿ ಫಾರ್ಮಲಿನ್ ಇದೆ ಅಥವಾ ಇಲ್ಲ ಎನ್ನಲು ಆಗುವುದಿಲ್ಲ.

ಹಾಗಾದರೆ ತಿನ್ನಬಹುದೇ?

ಚುಕ್ಕೆಗಳು ಕೆಲವೇ ಇದ್ದು ಮೀನು ತಾಜಾ ಇದ್ದರೆ ಆ ಭಾಗ ತೆಗೆದು, ಚೆನ್ನಾಗಿ ಬೇಯಿಸಿ ತಿನ್ನಬಹುದು. ಕಪ್ಪು ಚುಕ್ಕೆ ರೋಗದ ಹುಳುವಿಗೆ ಬೇಕಾಗಿರುವುದು ಹಕ್ಕಿಯ ಹೊಟ್ಟೆ, ಮನುಷ್ಯರದ್ದಲ್ಲ. ಕುದಿಯುವ ಸಾರಿನಲ್ಲಿ, ಒಳಗಿನವರೆಗೆ ಬೆಂದ ಫ್ರೈನಲ್ಲಿ ಅದು ಉಳಿಯುವುದಿಲ್ಲ. ಆದರೆ ಸಿಹಿನೀರಿನ ಮೀನನ್ನು ಹಸಿಯಾಗಿ, ಅರೆಬೆಂದದ್ದಾಗಿ ತಿನ್ನಬಾರದು. ಥಾಯ್ಲೆಂಡಿನಂಥ ಕಡೆ ಹಸಿ ಮೀನು ತಿನ್ನುವ ರೂಢಿಯಿಂದಲೇ ಬೇರೆ ಜಾತಿಯ ಚಪ್ಪಟೆ ಹುಳುಗಳು ಜನರ ಯಕೃತ್ತು ಸೇರಿವೆ.

ಮೀನನ್ನು ತಿರಸ್ಕರಿಸಬೇಕಾದ ಗುರುತುಗಳು ಬೇರೆಯೇ ಇವೆ:

• ಕಿವಿರು ಕೆಂಪಾಗಿರದೆ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿ ಲೋಳೆಯಾಗಿರುವುದು.
• ಕಣ್ಣು ಮಬ್ಬಾಗಿ ಒಳಗೆ ಕುಸಿದಿರುವುದು.
• ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುವುದು.
• ಹುಳಿ ಅಥವಾ ಕೊಳೆತ ವಾಸನೆ.
• ಮೈಮೇಲೆ ತೆರೆದ ಹುಣ್ಣು, ಕೀವು.

ಇವುಗಳಲ್ಲಿ ಒಂದಿದ್ದರೂ ಚುಕ್ಕೆ ಇರಲಿ ಇಲ್ಲದಿರಲಿ ಆ ಮೀನು ಬೇಡ. ಚುಕ್ಕೆಗಳು ಮೈತುಂಬ ಇದ್ದರೂ ಬಿಟ್ಟುಬಿಡಿ, ಅದು ತಿನ್ನಲು ಹಿತವಾಗಿರುವುದಿಲ್ಲ. ಒಂದೇ ಕೆರೆಯ ಮೀನುಗಳಲ್ಲಿ ಪದೇ ಪದೇ ಚುಕ್ಕೆ ಅಥವಾ ಹುಣ್ಣು ಕಂಡರೆ ಸಾಕುವವರು ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಜೀವಂತ ಮೀನನ್ನೇ ತೋರಿಸುವುದು ಒಳ್ಳೆಯದು. ಸತ್ತು ಹೊತ್ತಾದ ಮೀನಿನಲ್ಲಿ ರೋಗದ ಕಾರಣ ಹುಡುಕುವುದು ಕಷ್ಟ.