ಸ್ಥಳಾಂತರಿಸಬಹುದಾದ ಹಿತ್ತಲ ಶೆಡ್

ಸ್ಥಳಾಂತರಿಸಬಹುದಾದ ಹಿತ್ತಲ ಶೆಡ್ ಎಂದರೆ ಮನೆಯ ಹಿತ್ತಲಿನಲ್ಲಿ ಸೌದೆ, ತೆಂಗಿನಕಾಯಿ, ಕೃಷಿ ಉಪಕರಣ, ಬಲೆ, ಗೊಬ್ಬರ, ಸೈಕಲ್ಲು ಮುಂತಾದವನ್ನು ಇಡಲು ನಿಲ್ಲಿಸುವ, ಅಗತ್ಯ ಬಿದ್ದಾಗ ಬಿಚ್ಚಿ ಅಥವಾ ಇಡಿಯಾಗಿ ಎತ್ತಿ ಬೇರೆಡೆಗೆ ಒಯ್ಯಬಹುದಾದ ಚಿಕ್ಕ ಕಟ್ಟಡ. ಇದಕ್ಕೆ ಗಾರೆ ಹಾಕಿ ಕಟ್ಟಿದ ಗೋಡೆ ಇರುವುದಿಲ್ಲ. ಚೌಕಟ್ಟು, ಹಲಗೆ ಅಥವಾ ತಗಡುಗಳನ್ನು ಬೋಲ್ಟುಗಳಿಂದ ಜೋಡಿಸಿರುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ, ವಿಶೇಷವಾಗಿ ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ, ಇಂತಹ ಶೆಡ್ಡನ್ನು ಆರಿಸುವಾಗ ಬೆಲೆಯ ಜೊತೆಗೆ ಮಳೆ, ಉಪ್ಪುಗಾಳಿ ಮತ್ತು ಬಿರುಗಾಳಿ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಇಬ್ಬರು ಎತ್ತಬಲ್ಲಷ್ಟು ಹಗುರವಾದ ಶೆಡ್ಡನ್ನು ಗಾಳಿಯೂ ಎತ್ತಬಲ್ಲದು ಎಂಬುದೇ ಈ ಆಯ್ಕೆಯ ಮುಖ್ಯ ತೊಡಕು.

ಹಿನ್ನೆಲೆ

ವಸ್ತುಗಳನ್ನು ಮನೆಯ ಗೋಡೆಗೆ ಅಂಟದ, ಸರಿಸಬಹುದಾದ ಸಾಧನದಲ್ಲಿ ಕಾಪಿಡುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ಬಿದಿರು ಹೆಣೆದು ಸಗಣಿ–ಮಣ್ಣು ಸಾರಿಸಿದ ಕಣಜವನ್ನು ಕಾಳು ಖಾಲಿಯಾದ ಮೇಲೆ ಸರಿಸಬಹುದಾಗಿತ್ತು. ಕರಾವಳಿಯಲ್ಲಿ ಬೈಹುಲ್ಲಿನಿಂದ ಬಿಗಿದು ಕಟ್ಟುವ ಅಕ್ಕಿಮುಡಿಯೂ ಇದೇ ಬಗೆಯದು. ಬಯಲುಸೀಮೆಯಲ್ಲಿ ಧಾನ್ಯಕ್ಕೆ ನೆಲದೊಳಗೆ ಹಗೇವು ತೋಡುತ್ತಿದ್ದರು. ಅಂತರ್ಜಲ ಮೇಲೆಯೇ ಇರುವ, ಮಳೆ ಹೆಚ್ಚಿರುವ ಕರಾವಳಿಗೆ ಆ ವಿಧಾನ ಒಗ್ಗುವುದಿಲ್ಲ. ಇಲ್ಲಿ ಸಂಗ್ರಹವೆಲ್ಲ ನೆಲದಿಂದ ಮೇಲಕ್ಕೆ: ಒಲೆಯ ಹೊಗೆ ತಾಗುವ ಅಟ್ಟ, ಮಡಲಿನ ಮಾಡು ಹೊದಿಸಿದ ಸೌದೆ ಕೊಟ್ಟಿಗೆ, ದನದ ಕೊಟ್ಟಿಗೆಯ ಮೇಲಿನ ಹುಲ್ಲಟ್ಟ. ಇಂದಿನ ತಗಡಿನ ಶೆಡ್ ಆ ಸೌದೆ ಕೊಟ್ಟಿಗೆಯ ಉತ್ತರಾಧಿಕಾರಿ ಎನ್ನಬಹುದು.

ಸ್ಥಳಾಂತರದ ಅಗತ್ಯ

ಅವರ್ಸಾ ಅಂಕೋಲಾ ತಾಲ್ಲೂಕಿನ ಕಡಲತೀರದ ಗ್ರಾಮ. ಕಾರವಾರ ಮತ್ತು ಅಂಕೋಲಾ ಪಟ್ಟಣಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ದಾರಿಯಲ್ಲಿದೆ. ಈ ಪಟ್ಟಿಯಲ್ಲಿ ನೆಲದ ಬಳಕೆ ಕಳೆದ ಕೆಲವು ದಶಕಗಳಲ್ಲಿ ಬಹಳ ಬದಲಾಗಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀ ಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ–ಅಂಕೋಲಾ ನಡುವಿನ ಹಲವು ಗ್ರಾಮಗಳ ಕುಟುಂಬಗಳು ನೆಲೆ ಬಿಡಬೇಕಾಯಿತು. ಐಎನ್‌ಎಸ್ ಕದಂಬ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಮುಂದೆ ಹೆದ್ದಾರಿಯ ಅಗಲೀಕರಣದಲ್ಲಿ ಅನೇಕ ಮನೆಗಳ ಅಂಗಳ ರಸ್ತೆಯ ಪಾಲಾಯಿತು. ಗಂಗಾವಳಿ ನದಿಯ ದಡದ ಊರುಗಳು 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯನ್ನು ಕಂಡಿವೆ. ಕಲ್ಲಿನಲ್ಲಿ ಕಟ್ಟಿದ್ದನ್ನು ಬಿಟ್ಟು ಹೋಗಬೇಕಾಗುತ್ತದೆ. ಬಿಚ್ಚಿ ಜೋಡಿಸುವಂತೆ ಕಟ್ಟಿದ್ದನ್ನು ಕೊಂಡೊಯ್ಯಬಹುದು. ಬಾಡಿಗೆ ಮನೆಯಲ್ಲಿರುವವರಿಗೂ, ಆಸ್ತಿ ಪಾಲಾಗದ ಕೂಡು ಕುಟುಂಬದವರಿಗೂ ಇದೇ ಕಾರಣದಿಂದ ಇಂತಹ ಶೆಡ್ ಅನುಕೂಲ.

ಹವಾಮಾನ

ಈ ಭಾಗದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. 6 ಅಡಿ ಅಗಲ, 8 ಅಡಿ ಉದ್ದದ ಮಾಡಿನ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ಚಿಕ್ಕ ಮಾಡಿನಿಂದಲೂ ಸುಮಾರು 450 ಲೀಟರ್ ನೀರು ಇಳಿಯುತ್ತದೆ. ಆದ್ದರಿಂದ ಮಾಡಿನ ಇಳಿಜಾರು ಬಾಗಿಲಿನತ್ತ ಅಥವಾ ಮನೆಯ ಗೋಡೆಯತ್ತ ಇರಬಾರದು. ಸೂರು ಗೋಡೆಯಿಂದ ಕನಿಷ್ಠ ಒಂದು ಅಡಿ ಮುಂದೆ ಚಾಚಿರಬೇಕು. ಮಳೆಗಾಲದ ಗಾಳಿ ಮುಖ್ಯವಾಗಿ ನೈರುತ್ಯ ಮತ್ತು ಪಶ್ಚಿಮ ದಿಕ್ಕಿನಿಂದ, ಅಂದರೆ ಕಡಲ ಕಡೆಯಿಂದ ಬೀಸುವುದರಿಂದ ಬಾಗಿಲು ಪೂರ್ವಕ್ಕೆ ಇದ್ದರೆ ಒಳಿತು.

ಕಡಲ ಗಾಳಿಯಲ್ಲಿರುವ ಉಪ್ಪಿನ ಕಣಗಳು ಲೋಹದ ಮೇಲೆ ಕುಳಿತು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ತುಕ್ಕು ಬೇಗ ಹಿಡಿಯಲು ಇದೇ ಕಾರಣ. ಮಳೆಯಿಂದ ತೊಳೆಯಲ್ಪಡುವ ಮಾಡಿಗಿಂತ, ಉಪ್ಪು ಉಳಿದುಕೊಳ್ಳುವ ಸೂರಿನ ಕೆಳಭಾಗ ಹಲವೆಡೆ ಮೊದಲು ತುಕ್ಕು ಹಿಡಿಯುತ್ತದೆ.

ಗಾಳಿಯ ಬಲ

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಇದನ್ನು ಲೆಕ್ಕ ಹಾಕುವ ಸೂತ್ರವಿದೆ: ವೇಗವನ್ನು ಸೆಕೆಂಡಿಗೆ ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ದೊರೆಯುತ್ತದೆ.

ಗಂಟೆಗೆ 72 ಕಿಲೋಮೀಟರ್ ಗಾಳಿ ಎಂದರೆ ಸೆಕೆಂಡಿಗೆ 20 ಮೀಟರ್. ಒತ್ತಡ 240 ನ್ಯೂಟನ್. ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 24 ಕಿಲೋಗ್ರಾಂ ಭಾರಕ್ಕೆ ಸಮ. ಮೇಲಿನ ಉದಾಹರಣೆಯ ಮಾಡನ್ನು ಈ ಗಾಳಿ ಸುಮಾರು 110 ಕಿಲೋಗ್ರಾಂ ಬಲದಿಂದ ಮೇಲಕ್ಕೆ ಎಳೆಯಬಲ್ಲದು. ಅದೇ ಅಳತೆಯ ತೆಳು ತಗಡಿನ ಶೆಡ್ಡಿನ ಒಟ್ಟು ತೂಕ ಚೌಕಟ್ಟೂ ಸೇರಿ 100 ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಕಟ್ಟಡ ವಿನ್ಯಾಸಕ್ಕೆ ಮಂಗಳೂರು, ಪಣಜಿಗಳಂತಹ ಪಶ್ಚಿಮ ಕರಾವಳಿಯ ನಗರಗಳಿಗೆ ಮಾನಕವು ಸೂಚಿಸುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಆ ವೇಗದಲ್ಲಿ ಇದೇ ಮಾಡಿನ ಮೇಲಿನ ಎಳೆತ 400 ಕಿಲೋಗ್ರಾಂ ದಾಟುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ಈ ಕರಾವಳಿಯ ಸಮೀಪದಲ್ಲೇ ಹಾದುಹೋಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ಹಾರಿದ ತಗಡು ಒಡೆಯನಿಗೆ ನಷ್ಟ ಮಾತ್ರವಲ್ಲ, ನೆರೆಯವರ ಜೀವಕ್ಕೂ ಅಪಾಯ.

ನೆಲಕ್ಕೆ ಬಿಗಿಯುವ ವಿಧಾನ

ಶೆಡ್ಡು ಸಾಗಬಲ್ಲದ್ದಾಗಿರಬೇಕು, ಅದನ್ನು ಹಿಡಿದಿಡುವ ಲಂಗರು ಮಾತ್ರ ಅಲುಗಬಾರದು. ನಾಲ್ಕು ಮೂಲೆಗಳಲ್ಲಿ ಕಾಂಕ್ರೀಟಿನ ಗಟ್ಟಿಗಳನ್ನು ಹೂತು, ಅವುಗಳಿಂದ ಹೊರಬಂದ ಬೋಲ್ಟಿಗೆ ಚೌಕಟ್ಟಿನ ಪಾದವನ್ನು ಬಿಗಿಯುವುದು ನಂಬಿಕಸ್ಥ ವಿಧಾನ. ಮೂರೂ ದಿಕ್ಕಿನಲ್ಲಿ ಒಂದೂಕಾಲು ಅಡಿ ಅಳತೆಯ ಒಂದು ಗಟ್ಟಿಯ ತೂಕ ಸುಮಾರು 125 ಕಿಲೋಗ್ರಾಂ; ನಾಲ್ಕು ಸೇರಿ 500 ಕಿಲೋಗ್ರಾಂ. ಒಂದು ಅಡಿಯ ಗಟ್ಟಿಯಾದರೆ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜಾಗ ಬದಲಿಸುವಾಗ ನಟ್ಟು ಬಿಚ್ಚಿ ಶೆಡ್ಡನ್ನು ಒಯ್ದು, ಹೊಸ ಜಾಗದಲ್ಲಿ ಹೊಸ ಗಟ್ಟಿ ಹಾಕಿದರಾಯಿತು. ಮರಳು ನೆಲದಲ್ಲಿ ಬರಿಯ ಕಬ್ಬಿಣದ ಗೂಟ ಹೊಡೆದರೆ ಮಳೆಗೆ ನೆಲ ಸಡಿಲವಾದಾಗ ಅದು ಕಿತ್ತುಬರುತ್ತದೆ. ಮಾಡಿನ ತಗಡನ್ನು ಚೌಕಟ್ಟಿಗೆ, ಚೌಕಟ್ಟನ್ನು ಪಾದಕ್ಕೆ, ಪಾದವನ್ನು ಗಟ್ಟಿಗೆ ಬಿಗಿದಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ದುರ್ಬಲವಾದರೂ ಉಳಿದವು ವ್ಯರ್ಥ.

ಮಾಡಿನ ಮೇಲೆ ಕಲ್ಲು ಹೇರಿಡುವ ರೂಢಿ ಸುರಕ್ಷಿತವಲ್ಲ. ತಗಡು ಎದ್ದರೆ ಆ ಕಲ್ಲುಗಳೇ ಉರುಳಿ ಬೀಳುತ್ತವೆ.

ವಸ್ತುಗಳ ಹೋಲಿಕೆ

ಬಿದಿರು ಮತ್ತು ಮಡಲು: ಆರಂಭಿಕ ವೆಚ್ಚ ಅತಿ ಕಡಿಮೆ, ಊರಿನಲ್ಲೇ ದೊರೆಯುತ್ತದೆ. ಮಡಲಿನ ಹೊದಿಕೆಯನ್ನು ವರ್ಷವರ್ಷ ಬದಲಿಸಬೇಕು. ಬಿದಿರನ್ನು ಬೋರಿಕ್ ಆಮ್ಲ–ಬೊರಾಕ್ಸ್ ದ್ರಾವಣದಲ್ಲಿ ನೆನೆಸಿದರೆ ಹುಳು ಹಿಡಿಯುವುದು ಕಡಿಮೆಯಾಗುತ್ತದೆ. ಆದರೆ ಈ ಲವಣಗಳು ಮಳೆ ನೀರಿನಲ್ಲಿ ತೊಳೆದುಹೋಗುವುದರಿಂದ ಬಿದಿರು ಸೂರಿನ ಒಳಗೇ ಇರಬೇಕು.

ಮರ ಮತ್ತು ಪ್ಲೈವುಡ್: ಮರ ಗಟ್ಟಿ, ದುರಸ್ತಿಯೂ ಸುಲಭ, ಗೆದ್ದಲು ಮುಖ್ಯ ಶತ್ರು. ಪ್ಲೈವುಡ್ ಬಳಸುವುದಾದರೆ ನೀರು ತಡೆಯುವ ಐಎಸ್ 710 ದರ್ಜೆಯದನ್ನು ಆರಿಸಬೇಕು. ಒಳಾಂಗಣದ ಸಾಧಾರಣ ದರ್ಜೆಯದು ಇಲ್ಲಿನ ಮಳೆಗಾಲದಲ್ಲಿ ಉಬ್ಬಿ ಪದರ ಬಿಡುತ್ತದೆ.

ಸತು ಲೇಪಿತ ಉಕ್ಕಿನ ತಗಡು: ಹೆಚ್ಚು ಬಳಕೆಯಲ್ಲಿರುವುದು ಇದೇ. ಕೊಳ್ಳುವವರು ತಗಡಿನ ದಪ್ಪವನ್ನು ಕೇಳುತ್ತಾರೆ, ಲೇಪದ ತೂಕವನ್ನು ಕೇಳುವುದಿಲ್ಲ. ಎರಡೂ ಬದಿ ಸೇರಿ ಪ್ರತಿ ಚದರ ಮೀಟರಿಗೆ 120 ಗ್ರಾಂ ಸತುವಿರುವ ತಗಡೂ 275 ಗ್ರಾಂ ಇರುವ ತಗಡೂ ನೋಟಕ್ಕೆ ಒಂದೇ ತೆರನಾಗಿರುತ್ತವೆ. ಕಡಲ ಬಳಿ ಎರಡನೆಯದರ ಆಯುಷ್ಯ ಬಹಳ ಹೆಚ್ಚು.

ಅಲ್ಯೂಮಿನಿಯಂ–ಸತು ಲೇಪಿತ ತಗಡು: ಇದರ ಲೇಪದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 55 ಅಲ್ಯೂಮಿನಿಯಂ, ಶೇ. 43.4 ಸತು, ಶೇ. 1.6 ಸಿಲಿಕಾನ್ ಇರುತ್ತದೆ. ತುಕ್ಕನ್ನು ಹೆಚ್ಚು ಕಾಲ ತಡೆಯುತ್ತದೆ. ಹಸಿ ಸಿಮೆಂಟು ತಾಗಿದರೆ ಲೇಪ ಕೆಡುವುದರಿಂದ ತಗಡನ್ನು ನೇರವಾಗಿ ಗಾರೆಯಲ್ಲಿ ಹೂಳಬಾರದು.

ಪ್ಲಾಸ್ಟಿಕ್ ಹಲಗೆಗಳು: ತುಕ್ಕು, ಗೆದ್ದಲು ಎರಡರ ಭಯವೂ ಇಲ್ಲ. ಹಗುರವಾದ್ದರಿಂದ ಲಂಗರು ಇನ್ನಷ್ಟು ಅಗತ್ಯ. ಬಿಸಿಲಿನ ಅತಿನೇರಳೆ ಕಿರಣವನ್ನು ತಾಳುವ ಮಿಶ್ರಣವಿಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ.

ತಾಡಪಾಲು ಹೊದಿಸಿದ ಚೌಕಟ್ಟು: ಒಂದೆರಡು ಮಳೆಗಾಲದ ತಾತ್ಕಾಲಿಕ ಏರ್ಪಾಡಿಗೆ ಮಾತ್ರ ಸೂಕ್ತ.

ಬೋಲ್ಟು–ಸ್ಕ್ರೂಗಳು ಚಿಕ್ಕ ಖರ್ಚಿನವಾದರೂ ಶೆಡ್ಡಿನ ಭವಿಷ್ಯ ಅವುಗಳಲ್ಲಿದೆ. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟನ್ನು ಬಿಚ್ಚಲಾಗದು. ಆಗ ಸ್ಥಳಾಂತರಿಸಬಹುದಾದ ಶೆಡ್ ಎಂಬ ಹೆಸರೇ ಸುಳ್ಳಾಗುತ್ತದೆ. ತುಕ್ಕುರಹಿತ ಉಕ್ಕಿನವು, ಇಲ್ಲವೇ ಕರಗಿದ ಸತುವಿನಲ್ಲಿ ಅದ್ದಿ ತೆಗೆದವು ಯೋಗ್ಯ.

ಅಳತೆ ಮತ್ತು ಸಾಗಣೆ

ಶೆಡ್ಡಿನ ಅಳತೆಯನ್ನು ಒಳಗಿಡುವ ವಸ್ತುವಿನಿಂದ ಮಾತ್ರವಲ್ಲ, ಅದು ಸಾಗುವ ದಾರಿಯಿಂದಲೂ ನಿರ್ಧರಿಸಬೇಕು. ಹಳ್ಳಿಗಳಲ್ಲಿ ಬಾಡಿಗೆಗೆ ಸಿಗುವ ಚಿಕ್ಕ ಸರಕು ವಾಹನದ ಹಾಸು ಸುಮಾರು 7 ಅಡಿ ಉದ್ದ, 5 ಅಡಿಗಿಂತ ತುಸು ಕಡಿಮೆ ಅಗಲ ಇರುತ್ತದೆ. ಪ್ರತಿಯೊಂದು ಗೋಡೆಯ ಹಲಗೆಯೂ ಈ ಅಳತೆಯೊಳಗೆ ಇದ್ದರೆ ಸಾಗಣೆಯ ಖರ್ಚು ಕಡಿಮೆ. ಮನೆಯ ಗೇಟು, ಎರಡು ಮನೆಗಳ ನಡುವಿನ ಓಣಿ, ಬೇಲಿಯ ದಣಪೆ ಇವುಗಳಲ್ಲಿ ಅತಿ ಕಿರಿದಾದುದನ್ನು ಅಳೆದು ಆಮೇಲೆ ಶೆಡ್ಡಿಗೆ ಹೇಳಬೇಕು. ಬಿಚ್ಚುವ ಮುನ್ನ ಹಲಗೆಗಳಿಗೆ ಅಂಕಿ ಬರೆದರೆ ಮತ್ತೆ ಜೋಡಿಸುವುದು ಸುಲಭ.

ವೆಚ್ಚದ ಲೆಕ್ಕ

ಅಗ್ಗ ಎಂಬುದನ್ನು ಕೊಂಡ ಬೆಲೆಯಿಂದ ಅಳೆಯದೆ ವರ್ಷಕ್ಕೆ ತಗಲುವ ವೆಚ್ಚದಿಂದ ಅಳೆಯುವುದು ಸರಿ. ಉದಾಹರಣೆಗೆ 12,000 ರೂಪಾಯಿಯ ಶೆಡ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 3,000 ರೂಪಾಯಿ ಬೀಳುತ್ತದೆ. 24,000 ರೂಪಾಯಿಯದು ಹನ್ನೆರಡು ವರ್ಷ ಬಾಳಿದರೆ ವರ್ಷಕ್ಕೆ 2,000 ರೂಪಾಯಿ. ಲಂಗರು, ಸಾಗಣೆ, ಜೋಡಣೆಯ ಕೂಲಿಗಳನ್ನೂ ಬೆಲೆಗೆ ಕೂಡಿಸಬೇಕು. ಹಣ ಸೀಮಿತವಾಗಿದ್ದರೆ ಒಳ್ಳೆಯ ಚೌಕಟ್ಟು, ಮಾಡು ಮತ್ತು ಲಂಗರುಗಳಿಗೆ ಮೊದಲು ವೆಚ್ಚ ಮಾಡಿ, ಗೋಡೆಗೆ ಸದ್ಯಕ್ಕೆ ಬಿದಿರಿನ ತಟ್ಟಿ ಕಟ್ಟಬಹುದು.

ಜಾಗದ ಆಯ್ಕೆ

ತೆಂಗಿನ ಮರದ ಕೆಳಗೆ ಶೆಡ್ ನಿಲ್ಲಿಸಬಾರದು. ಬೀಳುವ ಕಾಯಿ ಮತ್ತು ಮಡಲು ತೆಳು ತಗಡನ್ನು ಜಜ್ಜುತ್ತವೆ. ಚಿರೆಕಲ್ಲುಗಳ ಸಾಲು ಇಟ್ಟು ಶೆಡ್ಡಿನ ನೆಲವನ್ನು ಒಂದು ಅಡಿಯಷ್ಟು ಎತ್ತರಿಸಿದರೆ ನೀರು ಕೆಳಗೆ ಹರಿದುಹೋಗುತ್ತದೆ, ಗೆದ್ದಲಿನ ಹಾದಿ ಕಣ್ಣಿಗೆ ಬೀಳುತ್ತದೆ, ಕೆಳಗೆ ಗುಡಿಸಿ ಇಲಿ–ಹಾವು ಸೇರದಂತೆ ನೋಡಿಕೊಳ್ಳಬಹುದು. ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರವು ಮಳೆಗಾಲದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಗೋಡೆಯ ಕೆಳಗೂ ಮೇಲೂ ಜಾಲರಿ ಹಾಕಿದ ಕಿಂಡಿ ಇದ್ದರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ. ಕೀಟನಾಶಕ ಮತ್ತು ಇಂಧನವನ್ನು ಆಹಾರ ವಸ್ತು, ಸೌದೆಗಳ ಜೊತೆ ಇಡಬಾರದು.

ಕಾನೂನು

ಕಡಲತೀರದ ನಿರ್ಮಾಣಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಮೊದಲ ಅಧಿಸೂಚನೆ 1991ರಲ್ಲಿ ಹೊರಬಂದಿತು; 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆಗಳಾದವು. 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ, 2011ರ ಜನಗಣತಿಯಂತೆ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದರೆ ಉಬ್ಬರದ ರೇಖೆಯಿಂದ 50 ಮೀಟರ್, ಉಳಿದೆಡೆ 200 ಮೀಟರ್ ಅಭಿವೃದ್ಧಿ ನಿಷೇಧ ವಲಯವಾಗಿರುತ್ತದೆ. ಶೆಡ್ಡು ಸಾಗಿಸಬಹುದಾದದ್ದು ಎಂಬ ಒಂದೇ ಕಾರಣಕ್ಕೆ ನಿಯಮದಿಂದ ವಿನಾಯಿತಿ ಇದೆಯೆಂದು ಭಾವಿಸದೆ, ತೀರದ ಸಮೀಪದವರು ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು.

ನಿರ್ವಹಣೆ

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಬೋಲ್ಟುಗಳನ್ನು ಬಿಗಿದು ಗ್ರೀಸ್ ಹಚ್ಚಬೇಕು. ತಗಡಿನ ಕತ್ತರಿಸಿದ ಅಂಚು ಮತ್ತು ಗೀರುಗಳಿಗೆ ಸತುವಿನ ಬಣ್ಣ ಬಳಿಯಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಆಗಾಗ ಸೂರಿನ ಕೆಳಭಾಗವನ್ನು ಸಿಹಿನೀರಿನಿಂದ ತೊಳೆದರೆ ಉಪ್ಪು ಹೋಗುತ್ತದೆ. ವರ್ಷಕ್ಕೊಮ್ಮೆ ಪ್ರತಿ ನಟ್ಟನ್ನೂ ಒಂದು ಸುತ್ತು ಸಡಿಲಿಸಿ ಮತ್ತೆ ಬಿಗಿಯುವುದು ಒಳ್ಳೆಯದು. ಬೇಕಾದ ದಿನ ಶೆಡ್ಡನ್ನು ಬಿಚ್ಚಲು ಬರುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ.